ಮೂರು ತಾಸಿನ ದೂರ

ದೇವಸಮುದ್ರದ ಆಚೆ ಹಟ್ಟಿಯ ಜುಂಜಣ್ಣನಿಗೆ ದೂರವೆಂದರೆ ಕುರಿ ನಡೆದಷ್ಟು. ಕುರಿ ಮೇಯುತ್ತ ನಡೆಯುತ್ತದೆ, ಸುಮ್ಮನೆ ನಿಲ್ಲುತ್ತದೆ, ಮತ್ತೆ ನಡೆಯುತ್ತದೆ. ಬೇಸಿಗೆಗೆ ಮುಂಚೆ ಮಂದೆ ಹೊಡೆದುಕೊಂಡು ಹೊರಟರೆ, ತುಂಗಭದ್ರೆಯ ಗದ್ದೆಬಯಲು ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಹುಟ್ಟಿದ ಮರಿಗಳು ಹುಲ್ಲು ಕಚ್ಚುತ್ತಿದ್ದವು.

ಮಗಳು ಶಾಂತಕುಮಾರಿಗೆ ಗುವಾಹಟಿಯ ವಿಮಾನ ನಿಲ್ದಾಣದಲ್ಲಿ ಕಾವಲಿನ ನೌಕರಿ ಸಿಕ್ಕಾಗ, ಅದೆಷ್ಟು ದೂರ ಎಂದು ಕೇಳಿದ್ದ. ಬೆಂಗಳೂರಿನಿಂದ ಮೂರು ತಾಸು ಅಂದಿದ್ದಳು. ರಾಂಪುರದಲ್ಲಿ ಬಸ್ಸು ಹತ್ತಿದರೆ ಮೂರು ತಾಸಿಗೆ ಚಳ್ಳಕೆರೆ ದಾಟಿ ಹಿರಿಯೂರು ಸಿಗುತ್ತದೆ. ಬೆಂಗಳೂರಿನ ಆಚೆಗೂ ಅಂಥದೊಂದು ಹಿರಿಯೂರು ಇರಬೇಕು ಎಂದುಕೊಂಡು ಗಂಡ ಹೆಂಡತಿ ನೆಮ್ಮದಿಯಾಗಿದ್ದರು.

ಈ ಚಳಿಗಾಲ ಮಗಳು ವಿಮಾನದ ಟಿಕೆಟ್ ಕಳಿಸಿದಳು. ಹೆಂಡತಿ ಪಾತಮ್ಮನಿಗೆ ಬಸ್ಸೇ ಆಗಿಬರುವುದಿಲ್ಲ. ಮಂದೆಯನ್ನು ತಾನು ನೋಡಿಕೊಳ್ಳುತ್ತೇನೆಂದು ಗಂಡನೊಬ್ಬನನ್ನೇ ಕಳಿಸಿದಳು.

ಮಧ್ಯಾಹ್ನ ಬೆಂಗಳೂರಿನಿಂದ ವಿಮಾನ ಮೇಲೆದ್ದಿತು. ಎರಡು ಸಾವಿರ ಕಿಲೋಮೀಟರಿಗೂ ಮೇಲೆ ಎಂದು ಪಕ್ಕದವರು ಹೇಳಿದ್ದು ಅವನ ತಲೆಗೆ ಹತ್ತಲಿಲ್ಲ. ಕಿಟಕಿಗೆ ಹಣೆ ಹಚ್ಚಿ ಕೆಳಗಿನ ಕೆಂಪು ನೆಲದ ಮೇಲೆ ಮನಸ್ಸಿನಲ್ಲೇ ಮಂದೆ ಬಿಟ್ಟ. ಕುರಿಗಳು ಬೋಳುಗುಡ್ಡ ಇಳಿದವು. ಯಾರದೋ ಹೊಲದಲ್ಲಿ ಬೀಡುಬಿಟ್ಟವು. ಹೊಳೆ ಬಂದಾಗ ಎಳೆಮರಿಗಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದ. ಎಲ್ಲೋ ಮಳೆಗಾಲ ಕಳೆಯಿತು, ಎಲ್ಲೋ ಉಣ್ಣೆ ಕತ್ತರಿಸುವ ಹೊತ್ತು ಬಂತು. ತಾನು ಎಚ್ಚರವಿದ್ದೇನೆಯೋ ಮಲಗಿದ್ದೇನೆಯೋ ಅವನಿಗೇ ತಿಳಿಯದು. ಆಮೇಲೆ ನೆಲವೇ ಮುಗಿಯಿತು. ಕಣ್ಣು ಹಾಯುವವರೆಗೂ ಸಮುದ್ರ. ಮಂದೆ ದಡದಲ್ಲಿ ಕತ್ತು ಎತ್ತಿ ನಿಂತಿತು, ವಿಮಾನ ನಿಲ್ಲಲಿಲ್ಲ. ಮಗಳು ಎಷ್ಟು ದೂರ ಹೋಗಿಬಿಟ್ಟಿದ್ದಾಳೆ ಎಂದು ಅವನಿಗೆ ಅಲ್ಲಿ ಗೊತ್ತಾಯಿತು.

ಗುವಾಹಟಿಯಲ್ಲಿ ಇಳಿದು ಹೊರಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಹಟ್ಟಿಯಲ್ಲಾದರೆ ಪಾತಮ್ಮ ಇನ್ನೂ ಗುಡ್ಡದ ಮೇಲೇ ಕುರಿ ಮೇಯಿಸುವ ವೇಳೆ. ಸೂರ್ಯನೂ ಇಲ್ಲಿ ಬೇರೆಯವನೇ ಅನ್ನಿಸಿತು. ಸಮವಸ್ತ್ರದ ಮಗಳು ಓಡಿ ಬಂದು ಕೈ ಹಿಡಿದಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ಇಷ್ಟು ದೂರ ಐತೆ ಅಂತ ಯಾಕೆ ಹೇಳ್ಲಿಲ್ಲವ್ವ?"

"ಹೇಳಿದ್ರೆ ಅವ್ವ ನನ್ನ ಕಳಿಸ್ತಿದ್ಲೇನಪ್ಪ?"

ಪಾತಮ್ಮ ಕಳಿಸುತ್ತಿರಲಿಲ್ಲ. ತಾನೂ ಕಳಿಸುತ್ತಿರಲಿಲ್ಲ.

ಅವಳು ಆಟೋ ಕರೆಯಹೋದಳು. ಅವನು ಬೇಡವೆಂದ. "ನಾನು ಬಂದೀನಿ, ನನ್ನ ಕಾಲು ಇನ್ನೂ ಬಂದಿಲ್ಲ. ನಡಿ, ಒಂದಿಷ್ಟು ದೂರ ನಡಕೊಂಡೇ ಹೋಗಾನ."

ಮಗಳು ನಕ್ಕು ಅವನ ಚೀಲ ಹೆಗಲಿಗೇರಿಸಿದಳು. ನಿಲ್ದಾಣದ ರಸ್ತೆ ಹಿಂದೆ ಬಿದ್ದು ಹೊಲಗಳು ಕಂಡವು. ಮಂಜು ನೆಲಕ್ಕೆ ಇಳಿಯುತ್ತಿತ್ತು. ಇಲ್ಲಿ ಏನು ಬೆಳೀತಾರೆ ಎಂದು ಜುಂಜಣ್ಣ ಕೇಳಿದ. ಬಂದು ಇಷ್ಟು ದಿನವಾದರೂ ಅವಳು ಅದನ್ನು ನೋಡಿರಲಿಲ್ಲ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಹೊಲ ನೋಡಲು ಹೊರಟ ಅಪ್ಪನ ಹಿಂದೆಯೇ ಬದುವಿಗೆ ಇಳಿದಳು.