ನಮ್ಮ ದೊಡ್ಡಮ್ಮನ ಅದ್ಭುತ ಮೌನ

ನಮ್ಮ ಸಿನಿಮಾ ಕ್ಲಬ್ ಇರೋದು ವಿಜಯನಗರದಲ್ಲಿ, ಒಂದು ಬೇಕರಿ ಮೇಲ್ಗಡೆ, ಟ್ಯೂಷನ್ ಸೆಂಟರಿನ ಹಾಲಲ್ಲಿ. ವಾರವೆಲ್ಲಾ ಅಲ್ಲಿ ಹತ್ತನೇ ಕ್ಲಾಸ್ ಹುಡುಗ್ರಿಗೆ ಮ್ಯಾಥ್ಸ್ ತುರುಕ್ತಾರೆ, ಭಾನುವಾರ ಬೆಳಿಗ್ಗೆ ನಮಗೆ ಆರ್ಟ್ ಸಿನಿಮಾ ತುರುಕ್ತಾರೆ. ಬೋರ್ಡ್ ಮೇಲಿನ ತ್ರಿಕೋನ ಅಳಿಸೋದೂ ಇಲ್ಲ, ಅದ್ರ ಮೇಲೇ ಒಂದು ಬಿಳಿ ಪಂಚೆ ಇಳಿಬಿಟ್ರೆ ಸ್ಕ್ರೀನ್ ರೆಡಿ. ಕೆಳಗಡೆಯಿಂದ ಪಫ್ಸ್ ವಾಸನೆ ಬರೋದ್ರಿಂದ ಎಂಥಾ ದುರಂತ ಹಾಕಿದ್ರೂ ಹೊಟ್ಟೆ ಹಸಿಯುತ್ತೆ. ಒಂದ್ಸಲ ಬರಗಾಲದ ಕಿರುಚಿತ್ರ ನೋಡ್ತಾ ಇಡೀ ಹಾಲು ಜೊಲ್ಲು ಸುರಿಸಿದ್ದನ್ನ ನಾನು ಕಣ್ಣಾರೆ ಕಂಡಿದೀನಿ.

ಇಲ್ಲಿಗೆ ಬರೋರಲ್ಲಿ ಒಬ್ರೂ ಸಿನಿಮಾದೋರಲ್ಲ, ಅದಕ್ಕೇ ಎಲ್ರಿಗೂ ಸಿನಿಮಾ ಅಷ್ಟು ಚೆನ್ನಾಗಿ ಗೊತ್ತು. ಅಧ್ಯಕ್ಷರು ರಾಜಾಜಿನಗರದೋರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಫೈಟು, ಸಾಂಗು ಇರೋ ಸಿನಿಮಾ ನೋಡೋದು ಬಿಟ್ಟು ಎಷ್ಟೋ ವರ್ಷ ಆಯ್ತು ಅಂತ, ಬೇರೆಯೋರು ಸಿಗರೇಟ್ ಬಿಟ್ಟಿದ್ದನ್ನ ಹೇಳ್ಕೊಳ್ಳೋ ಹಾಗೆ ಹೇಳ್ಕೊತಾರೆ. ಆಮೇಲೆ ಒಬ್ರು ಮೇಡಂ, ಬಸವೇಶ್ವರನಗರದ ಕಾಲೇಜಲ್ಲಿ ಲೆಕ್ಚರರ್. ಸಿನಿಮಾ ಶುರು ಆಗೋಕ್ ಮುಂಚೇನೇ ಕರ್ಚೀಫ್ ತೆಗೆದು ಮಡಿಲಲ್ಲಿ ಇಟ್ಕೊತಾರೆ. ಮೂರನೆಯೋನು ರಾಜರಾಜೇಶ್ವರಿನಗರದ ಗಡ್ಡದಣ್ಣ. ಲ್ಯಾಪ್‌ಟಾಪು, ಪ್ರೊಜೆಕ್ಟರು ಎಲ್ಲಾ ಅವನದೇ ಜವಾಬ್ದಾರಿ. ಪಂಚೆ ಮೇಲೆ ಏನ್ ಬಿದ್ರೂ "ಫ್ರೇಮ್ ನೋಡಿ ಗುರು, ಫ್ರೇಮ್" ಅಂತಾನೆ, ಹಂಗಾಗಿ ನಾನು ಅವನಿಗೆ ಫ್ರೇಮಣ್ಣ ಅಂತಲೇ ನಾಮಕರಣ ಮಾಡಿದೀನಿ. ನಾನು ಸೆಕೆಂಡ್ ಪಿಯು. ಅಲ್ಲಿರೋರಲ್ಲಿ ವಯಸ್ಸಲ್ಲಿ ಚಿಕ್ಕೋನು, ಬುದ್ಧೀಲಿ ಎಲ್ರಿಗಿಂತ ಹಿರಿಯ. ಇದು ನನ್ನ ಸ್ವಂತ ಅಭಿಪ್ರಾಯ.

ಕ್ಲಬ್ಬಿಗೆ ಒಂದು ಕಾನೂನಿದೆ. ಸಿನಿಮಾ ಮಾಡಿದೋನು ಅದು ಓಡ್ತಿರುವಾಗ್ಲೂ ಮಾತಾಡಂಗಿಲ್ಲ, ಮುಗಿದ್ಮೇಲೂ ಎಲ್ರೂ ಅಭಿಪ್ರಾಯ ಹೇಳೋವರೆಗೆ ಮಾತಾಡಂಗಿಲ್ಲ. "ಸಿನಿಮಾನೇ ಮಾತಾಡ್ಬೇಕು" ಅಂತಾರೆ ಅಧ್ಯಕ್ಷರು. ಇನ್ನೊಂದು ಕಾನೂನನ್ನ ಯಾರೂ ಬಾಯಲ್ಲಿ ಹೇಳಲ್ಲ. ಒಬ್ರು ಹೊಸ ಅಂಕಲ್ ಬಂದಿದ್ರು. ಬೇಕಂತಲೇ ಸದ್ದಿಲ್ದೇ ಮಾಡಿದ ಒಂದು ಚಿತ್ರದ ಮಧ್ಯೆ ಎದ್ದು, "ಸೌಂಡ್ ಬರ್ತಿಲ್ಲ ಕಣ್ರೀ, ವಯರ್ ನೋಡಿ" ಅಂದುಬಿಟ್ರು ಪಾಪ. ಅವತ್ತು ಜನ ನಕ್ಕಿದ್ದು ನೋಡ್ಬೇಕಿತ್ತು, ಕೆಳಗಡೆ ಬೇಕರಿಯೋನು ಮೇಲೆ ಬಂದು ಏನಾಯ್ತು ಸಾರ್ ಅಂದ. ಅಂಕಲ್ ಮತ್ತೆ ಬರ್ಲಿಲ್ಲ. ಅವತ್ತಿಂದ ನಮ್ಮ ಕ್ಲಬ್ಬಲ್ಲಿ ಪ್ರೊಜೆಕ್ಟರಿಗೆ ಬೆಂಕಿ ಬಿದ್ರೂ ಡೈರೆಕ್ಟರ್ ಏನೋ ಹೇಳ್ತಿದಾನೆ ಅಂತ ಸುಮ್ನೆ ಕೂತಿರ್ತಾರೆ.

ನಾನು ಮಾಡಿದ ಸಿನಿಮಾ ನಮ್ಮ ದೊಡ್ಡಮ್ಮನ ಮೇಲೆ. ಅಮ್ಮನ ಅಕ್ಕ, ಬಾಪೂಜಿ ನಗರದಲ್ಲಿ ಮನೆ. ದೊಡ್ಡಮ್ಮ ಮಾತು ಶುರು ಮಾಡಿದ್ರೆ ಮೈಸೂರ್ ರೋಡಿನ ಟ್ರಾಫಿಕ್ಕು, ಮುಂದೆಯಿಂದ ಹಿಂದೆವರೆಗೂ ಗ್ಯಾಪೇ ಇಲ್ಲ. ಆದ್ರೆ ಅವಳು ಒಂದು ಮಾತನ್ನ ಪೂರ್ತಿ ಮುಗಿಸಿದ್ದನ್ನ ನಮ್ಮ ವಂಶದಲ್ಲಿ ಯಾರೂ ಕೇಳಿಲ್ಲ. ದೊಡ್ಡಪ್ಪ "ಸುಮ್ನಿರೇ" ಅಂತಾರೆ. ಇಬ್ರು ಅಣ್ಣಂದ್ರು "ಅಮ್ಮಾ, ಸುಮ್ನಿರು" ಅಂತಾರೆ. ಆ ಮನೇಲಿ ಗಿಳಿ ಸಾಕಿದ್ರೆ ಅದು ಕಲಿಯೋ ಮೊದಲ್ನೇ ಮಾತೇ ಅದು.

ಅವಳಿಗೆ ಒಂದು ಕಥೆ ಇದೆ, ಕುಕ್ಕರ್ ಕಥೆ. ಹಬ್ಬಕ್ಕೆ ಎಲ್ಲಾ ಸೇರಿದಾಗ ಶುರು ಮಾಡ್ತಾಳೆ, "ನಾನು ಮದ್ವೆಯಾದ ವರ್ಷ ಕುಕ್ಕರ್ ಎತ್ಕೊಂಡು ಕೆಂಗೇರಿಗೆ ಹೋದ್ನಲ್ಲಾ..." ಅಷ್ಟೊತ್ತಿಗೆ ದೊಡ್ಡಪ್ಪ, "ಕುಕ್ಕರ್ ರಬ್ಬರ್ ಹಾಕ್ಸೋಕೆ ಕೆಂಗೇರಿ ತನಕ ಹೋದ ಮಹಾತಾಯಿ ಕಣ್ರೋ ಇವ್ಳು! ಪಕ್ಕದ ಬೀದೀಲೇ ಅಂಗಡಿ ಇತ್ತು!" ಅಂತಾರೆ. ಎಲ್ಲಾ ನಗ್ತಾರೆ. ಕಥೆ ಅಲ್ಲಿಗೆ ಮುಗೀತು. ವರ್ಷ ವರ್ಷ ಇದೇ ಜೋಕು, ಇದೇ ನಗು.

ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಅವಳು ನೆನೆಸಿದ ಅವರೆಕಾಳು ಹಿಸುಕ್ತಾ ಕೂತಿದ್ಳು. ನಾನು ಫೋನನ್ನ ನೀರಿನ ಚೊಂಬಿಗೆ ಒರಗಿಸಿ, ಅದ್ರ ನೆರಳು ಕಾಣ್ದಂಗೆ ಹಿಟ್ಟಿನ ಡಬ್ಬ ಅಡ್ಡ ಇಟ್ಟು, "ದೊಡ್ಡಮ್ಮ, ಆ ಕುಕ್ಕರ್ ಕಥೆ ಹೇಳು. ನಾನು ಮಧ್ಯ ಬಾಯಿ ಹಾಕಲ್ಲ" ಅಂದೆ.

"ಪೂರ್ತಿನಾ?"

"ಪೂರ್ತಿ."

ಅವಳು ನನ್ನನ್ನ ನೋಡಿದ ರೀತಿ, ನಾನೇನೋ ಅವಳಿಗೆ ಸೈಟ್ ಬರೆದುಕೊಟ್ಟಂಗಿತ್ತು. ಸೆರಗು ಸರಿ ಮಾಡ್ಕೊಂಡು ಹೇಳಿದ್ಳು.

ವಿಷ್ಯ ಏನಂದ್ರೆ, ಅವಳು ರಬ್ಬರ್ ಹಾಕ್ಸೋಕೆ ಹೋಗೇ ಇರ್ಲಿಲ್ಲ. ಗಂಡನ ಮನೆ ಬಿಟ್ಟೇ ಹೋಗಿದ್ಳು. ಅತ್ತೆ, ಗಂಡ ಇಬ್ರೂ ಸೇರಿ ಬಾಯಿ ತೆಗ್ದಾಗೆಲ್ಲಾ ಸುಮ್ನಿರು ಅಂತಿದ್ದಿದ್ದು ತಡ್ಕೊಳಕ್ಕಾಗ್ದೇ, ತವರಿಂದ ತಂದಿದ್ದ ಕುಕ್ಕರ್ ಒಂದನ್ನ ಎತ್ಕೊಂಡು ಬಸ್ ಹತ್ತಿದ್ಳು. ಕೆಂಗೇರೀಲಿ ಒಬ್ಳು ಗೆಳತಿ ಇದ್ಳಂತೆ, ಅಲ್ಲೇ ಇದ್ದು ಅಗರಬತ್ತಿ ಹೊಸ್ಯೋ ಕೆಲಸಕ್ಕೆ ಸೇರೋದು ಅಂತ ಪ್ಲಾನು. ಬಸ್ ಸ್ಟ್ಯಾಂಡಲ್ಲಿ ಇಳಿದು ನೋಡ್ತಾಳೆ, ಕುಕ್ಕರ್ ಮೇಲೆ ವಿಶಲ್ ಇಲ್ಲ! ಅಡುಗೆಮನೆ ಕಟ್ಟೆ ಮೇಲೇ ಬಿಟ್ಟು ಬಂದಿದಾಳೆ. ವಿಶಲ್ ಇಲ್ದಿರೋ ಕುಕ್ಕರ್ ಇಟ್ಕೊಂಡು ಹೊಸ ಜೀವನ ಹೆಂಗೆ ಶುರು ಮಾಡೋದು? ಅದೊಂದನ್ನ ತಗೊಂಡು ಬರೋಣ ಅಂತ ಮನೆಗೆ ವಾಪಸ್ ಬಂದ್ಳು. ಬಾಗಿಲಲ್ಲೇ ದೊಡ್ಡಪ್ಪ, "ಎಷ್ಟೊತ್ತೇ? ರಬ್ಬರ್ ಹಾಕ್ಸಿದ್ಯಾ?" ಅಂದ್ರಂತೆ.

"ನಾನು ಬಿಟ್ಟು ಹೋಗಿದ್ದು ಯಾರಿಗೂ ಗೊತ್ತೇ ಆಗಿರ್ಲಿಲ್ಲ ಕಣೋ" ಅಂದ್ಳು ದೊಡ್ಡಮ್ಮ, ಒಂದು ಕಾಳನ್ನ ಚಿಳಕ್ ಅಂತ ಹಿಸುಕಿ. "ಆ ಮಾತಿಗೆ ಏನ್ ಉತ್ತರ ಕೊಡೋದು ಹೇಳು. ಹೂಂ ಅಂದೆ. ಅಕ್ಕಿ ತೊಳೆದೆ."

ರೆಕಾರ್ಡಿಂಗ್ ನಿಲ್ಲಿಸಿದ್ಮೇಲೆ ಹೇಳಿದ್ಳು: "ಇದನ್ನ ನಿಮ್ ದೊಡ್ಡಪ್ಪ ಸಿನಿಮಾದಲ್ಲಿ ನೋಡ್ಬೇಕು. ಎದುರಿಗೆ ಹೇಳಿದ್ರೆ ಕೇಳಲ್ಲ. ಸಿನಿಮಾ ಅಂದ್ರೆ ಬಾಯಿ ಮುಚ್ಕೊಂಡು ಕೂರ್ತಾರೆ. ಒಂದೇ ಒಂದ್ಸಲ ಗೊತ್ತಾಗ್ಲಿ ಅವ್ರಿಗೆ, ನಾನು ಹೋಗಿದ್ದೆ ಅಂತ. ಮೊದ್ಲು ನಿಮ್ ಕ್ಲಬ್ಬಲ್ಲಿ ತೋರ್ಸು, ಓದಿದೋರು ಏನಂತಾರೆ ನೋಡೋಣ. ಆಮೇಲೆ ಮನೇಲಿ."

ಆ ಭಾನುವಾರ ದೊಡ್ಡಮ್ಮ ಮದ್ವೆಮನೆಗೆ ಹೊರಟೋಳ ಹಾಗೆ ರೇಷ್ಮೆ ಸೀರೆ ಉಟ್ಕೊಂಡು ಬಂದು ಕೊನೇ ಸಾಲಲ್ಲಿ ಕೂತ್ಳು. ಫ್ರೇಮಣ್ಣ ಫೈಲ್ ಓಪನ್ ಮಾಡಿದ. ಪಂಚೆ ಮೇಲೆ ದೊಡ್ಡಮ್ಮನ ಮುಖ ಬಂತು, ಬಾಗಿಲಷ್ಟು ದೊಡ್ಡದು. ಬಾಯಿ ಆಡ್ತಿದೆ, ಕೈ ಆಡ್ತಿದೆ, ಸಿಪ್ಪೆ ಹಾರ್ತಿದೆ. ಸೌಂಡ್ ಮಾತ್ರ ಇಲ್ಲ.

ಸ್ಪೀಕರಿನ ವಯರು ಲ್ಯಾಪ್‌ಟಾಪಿಗೆ ಚುಚ್ಚೇ ಇರ್ಲಿಲ್ಲ. ಟೇಬಲ್ ಕೆಳಗೆ ನೇತಾಡ್ತಿತ್ತು, ನಂಗೆ ಕಾಣಿಸ್ತಿತ್ತು. ಸುತ್ತ ನೋಡಿದೆ. ಎಲ್ರ ಮುಖದಲ್ಲೂ ಒಂದು ಕ್ಷಣ ಅನುಮಾನ ಹಾದು ಹೋಯ್ತು, ಆಮೇಲೆ ಎಲ್ರಿಗೂ ಆ ಹೊಸ ಅಂಕಲ್ ನೆನಪಾದ್ರು ಅನ್ಸುತ್ತೆ. ಒಬ್ಬೊಬ್ರಾಗಿ ಕತ್ತು ವಾರೆ ಮಾಡಿ, ಕೈ ಗಲ್ಲಕ್ಕೆ ಕೊಟ್ಟು, ಅರ್ಥ ಮಾಡ್ಕೊಳ್ಳೋಕೆ ಶುರು ಮಾಡಿದ್ರು.

ನಾನು ಎದ್ದೆ. "ಅಣ್ಣಾ, ವಯ—"

"ಶ್!" ಅಂದ ಫ್ರೇಮಣ್ಣ.

"ಸಾರ್, ಸೌಂಡು—"

"ಮೇಕರ್ ಮಾತಾಡಂಗಿಲ್ಲ" ಅಂದ್ರು ಅಧ್ಯಕ್ಷರು, ಕಣ್ಣು ಪಂಚೆ ಮೇಲಿಂದ ತೆಗೀದೇ. "ಕೂತ್ಕೊಳಪ್ಪಾ. ಧೈರ್ಯವಾಗಿ ಮಾಡಿದ್ಯ, ಈಗ ಯಾಕೆ ಹೆದ್ರುತೀಯ?"

ನಾನೇ ಹೋಗಿ ವಯರ್ ಚುಚ್ಚೋಣ ಅಂತ ಬಗ್ಗಿದೆ. ಪಕ್ಕದಲ್ಲಿದ್ದೋರು ಶರ್ಟ್ ಹಿಡಿದು ಎಳೆದು ಕೂರಿಸಿದ್ರು. ಹಿಂದೆ ತಿರುಗಿದೆ. ದೊಡ್ಡಮ್ಮ ಕೈಯಲ್ಲೇ 'ಎಲ್ಲೋ ನನ್ ಮಾತು?' ಅಂತ ಕೇಳಿದ್ಳು. 'ಬರುತ್ತೆ' ಅಂತ ಸನ್ನೆ ಮಾಡಿದೆ. ಪಾಪ, ಮುಂದಕ್ಕೆ ಬಗ್ಗಿ ಕೊನೇವರೆಗೂ ಕಾದ್ಳು.

ಮುಗೀತು. ಚಪ್ಪಾಳೆ ಅಂದ್ರೆ ಚಪ್ಪಾಳೆ, ಗೋಡೆ ಮೇಲಿನ ಮಗ್ಗಿ ಚಾರ್ಟ್ ಕೆಳಗೆ ಬಿತ್ತು. ಮೇಡಂ ಕಣ್ಣು ಒರೆಸ್ಕೊಂಡ್ರು. "ಎಂಥಾ ಮೌನ ರೀ! ಆ ಹೆಣ್ಣಿನ ಬಾಯಿ ಆಡ್ತಾನೇ ಇದೆ, ಆದ್ರೆ ಸಮಾಜಕ್ಕೆ ಕೇಳಿಸ್ತಾ ಇಲ್ಲ. ನಮಗೂ ಕೇಳಿಸ್ತಾ ಇಲ್ಲ. ನಾವೇ ಆ ಸಮಾಜ!"

ಇಷ್ಟು ಸರಿಯಾದ ಮಾತನ್ನ ಇಷ್ಟು ತಪ್ಪಾಗಿ ಹೇಳಿದೋರನ್ನ ನಾನು ಇನ್ನೂ ನೋಡಿಲ್ಲ.

"ಆ ಸಿಪ್ಪೆ ಇದ್ಯಲ್ಲ" ಅಂದ ಫ್ರೇಮಣ್ಣ, "ಸಂಪ್ರದಾಯ. ಕಾಳು ಬಂದು ಆತ್ಮ. ಫ್ರೇಮ್ ಎಡಗಡೆ ಡಬ್ಬ ಇಟ್ಟಿದಾನಲ್ಲ, ಅದು ಗಂಡಸು. ಇದ್ದೂ ಏನೂ ಮಾಡಲ್ಲ. ಮಗಾ, ಸೂಪರ್."

ಡಬ್ಬ ಇಟ್ಟಿದ್ದು ಫೋನಿನ ನೆರಳು ಮರೆಮಾಚೋಕೆ. ಆದ್ರೆ ನಾನು ಮಾತಾಡಂಗಿಲ್ವಲ್ಲ. ಒಬ್ಬೊಬ್ರೂ ಒಂದೊಂದು ಪಿಎಚ್‌ಡಿ ಮುಗಿಸಿದ್ಮೇಲೆ ಅಧ್ಯಕ್ಷರು, "ಈಗ ಮೇಕರ್ ಮಾತಾಡ್ಬೋದು" ಅಂದ್ರು.

"ಸಾರ್, ಸ್ಪೀಕರ್ ವಯರ್ ಹಾಕಿರ್ಲಿಲ್ಲ."

ಹಾಲಲ್ಲಿ ನಿಜವಾದ ಮೌನ ಅಂದ್ರೆ ಆವಾಗ ಬಂತು. ಫ್ರೇಮಣ್ಣ ಬಗ್ಗಿ ವಯರ್ ಎತ್ತಿ, ಅದು ಹಾವೇನೋ ಅನ್ನೋ ಹಾಗೆ ನೋಡಿದ. ಅಷ್ಟರಲ್ಲಿ ಯಾರೋ ಹಿಂದೆ ತಿರುಗಿ, "ಅಯ್ಯೋ, ಅವ್ರು ಇವ್ರೇ ಅಲ್ವಾ!" ಅಂದ್ರು. ಮೇಡಂ ಓಡಿಹೋಗಿ ದೊಡ್ಡಮ್ಮನ ಎರಡೂ ಕೈ ಹಿಡ್ಕೊಂಡ್ರು.

ದೊಡ್ಡಮ್ಮನಿಗೆ ಖುಷಿಯೋ ಖುಷಿ. "ಅದು ಏನಾಯ್ತಂದ್ರೆ ಮೇಡಂ, ನಾನು ಮದ್ವೆಯಾದ ವರ್ಷ ಕುಕ್ಕರ್ ಎತ್ಕೊಂಡು..."

"ಏನೂ ಹೇಳ್ಬೇಡಿ ಅಮ್ಮ" ಅಂದ್ರು ಮೇಡಂ, ಕೈ ತಟ್ಟುತ್ತಾ. "ನಿಮ್ಮ ಮುಖ ಎಲ್ಲಾ ಹೇಳ್ತು."

ನನ್ನ ಹಟಕ್ಕೆ ವಯರ್ ಚುಚ್ಚಿ ಮತ್ತೆ ಹಾಕಿದ್ರು. ದೊಡ್ಡಮ್ಮನ ದನಿ ಹಾಲ್ ತುಂಬಾ ಬಂತು. "ಮೊದ್ಲು ನಮ್ಮತ್ತೆ ಎಂಥೋರು ಅಂತ ಹೇಳ್ಬೇಕು..." ಕುಕ್ಕರ್ ಇನ್ನೂ ಮನೆ ಬಾಗಿಲು ದಾಟಿರ್ಲಿಲ್ಲ, ಮೇಡಂ ಮುಖ ಕಿವುಚಿದ್ರು. "ಇದು ಯಾಕೋ ಸೀರಿಯಲ್ ಥರ ಆಗ್ತಿದೆ ಅಲ್ವಾ?" ಫ್ರೇಮಣ್ಣ, "ಮಾತು ಬಂದ್ರೆ ಫ್ರೇಮ್ ಸಾಯುತ್ತೆ" ಅಂದು ಪಾಜ್ ಒತ್ತಿದ. ತಪ್ಪು ಮಾಡಿದೋನೇ ತೀರ್ಪೂ ಕೊಟ್ಟ.

ಅಧ್ಯಕ್ಷರು ಪ್ರಜಾಪ್ರಭುತ್ವದೋರು. "ಕೈ ಎತ್ತಿ. ಸೌಂಡ್ ಇಲ್ದೇ ಇರೋದೇ ಚೆನ್ನಾಗಿದೆ ಅನ್ನೋರು?"

ಎಲ್ಲಾ ಕೈ ಮೇಲೆ ಹೋದ್ವು. ಕೊನೇ ಸಾಲಲ್ಲಿ, ರೇಷ್ಮೆ ಸೀರೆ ಸೆರಗು ಸರಿ ಮಾಡ್ಕೊಂಡು, ದೊಡ್ಡಮ್ಮನೂ ಎತ್ತಿದ್ಳು.

ಮೆಟ್ಟಿಲಿಳಿಯೋವಾಗ ನಾನು ರೇಗ್ದೆ. "ನೀನ್ ಯಾಕೆ ಕೈ ಎತ್ತಿದೆ ದೊಡ್ಡಮ್ಮ? ಬುದ್ಧಿ ಇದ್ಯಾ ನಿಂಗೆ?"

"ಅಷ್ಟು ಜನ ಓದಿದೋರು ಎತ್ತಿದ್ರಲ್ಲೋ. ಆ ಮೇಡಂ ಅತ್ತೇಬಿಟ್ರು ಕಣೋ ನನ್ನ ನೋಡಿ. ನಂಗೋಸ್ಕರ ಯಾರು ಅತ್ತಿದಾರೆ ಹೇಳು ಇಷ್ಟು ವರ್ಷದಲ್ಲಿ?" ಸೀರೆ ನೆರಿಗೆ ಎತ್ಕೊಂಡು ಇನ್ನೊಂದು ಮೆಟ್ಟಿಲಿಳಿದು ಅಂದ್ಳು, "ನಾನು ಸುಮ್ನಿದ್ರೇ ಚೆನ್ನ ಅಂತ ನಿಮ್ ದೊಡ್ಡಪ್ಪಾನೂ ಹೇಳ್ತಾನೇ ಬಂದಿದಾರೆ. ಪಾಪ, ಅವ್ರಿಗೂ ಸಿನಿಮಾ ಗೊತ್ತಿದೆ ಅನ್ಸುತ್ತೆ."

ನಾನು ಜೋಕ್ ಮಾಡೋದ್ರಲ್ಲಿ ಎತ್ತಿದ ಕೈ, ಆ ಜೋಕಿಗೆ ಮಾತ್ರ ನಗು ಬರ್ಲಿಲ್ಲ.

ಸಂಜೆ ಬಾಪೂಜಿ ನಗರದಲ್ಲಿ ಫೋನನ್ನ ಟೀವಿಗೆ ಹಾಕಿದೆ. ದೊಡ್ಡಪ್ಪ ಕ್ರಿಕೆಟ್ ಬಿಟ್ಟು ಕೂತ್ರು, ಅದೇ ದೊಡ್ಡ ಸುದ್ದಿ. ಅಣ್ಣಂದ್ರು ಬಂದ್ರು, ಅತ್ತಿಗೆ ಬಾಗಿಲಲ್ಲಿ ನಿಂತ್ರು. ದೊಡ್ಡಮ್ಮನ ದನಿ ಗಟ್ಟಿಯಾಗಿ ಶುರುವಾಯ್ತು.

"ಅಯ್ಯಪ್ಪಾ, ಇಲ್ಲೂ ಶುರುನಾ!" ಅಂದ್ರು ದೊಡ್ಡಪ್ಪ. ಎಲ್ಲಾ ನಕ್ರು.

ನಾನು, "ದೊಡ್ಡಪ್ಪ, ಒಂದೇ ಒಂದ್ಸಲ ಪೂರ್ತಿ ಕೇಳಿ" ಅನ್ನೋಷ್ಟರಲ್ಲಿ ದೊಡ್ಡಮ್ಮನೇ ರಿಮೋಟ್ ತಗೊಂಡು ಮ್ಯೂಟ್ ಮಾಡಿದ್ಳು. "ಇದು ಹಿಂಗೇ ನೋಡ್ಬೇಕಂತೆ ರೀ. ಕ್ಲಬ್ಬಲ್ಲಿ ಓಟ್ ಹಾಕಿ ಹೇಳಿದಾರೆ."

ಹಿಂಗೇ ನೋಡಿದ್ರು. ಒಬ್ರೂ ಎದ್ದು ಹೋಗ್ಲಿಲ್ಲ. ಪಕ್ಕದಲ್ಲಿ ಜೀವಂತ ದೊಡ್ಡಮ್ಮ, ಟೀವಿಯಲ್ಲಿ ಬಾಯಿ ಬಡ್ಕೊತಿರೋ ದೊಡ್ಡಮ್ಮ, ಇಬ್ರ ಕಡೆಯಿಂದಲೂ ಒಂದು ಸದ್ದಿಲ್ಲ. ಟೀವಿಯೋಳು ಕೊನೇ ಕಾಳು ಹಿಸುಕಿ, ಏನೋ ಅಂದು, ತಲೆ ತಗ್ಗಿಸಿದ್ಳು.

ದೊಡ್ಡಪ್ಪ ಸ್ಕ್ರೀನ್ ಕಪ್ಪಾಗೋವರೆಗೂ ನೋಡಿದ್ರು. ಆಮೇಲೆ ಕತ್ತು ತಿರುಗಿಸಿ ಕೇಳಿದ್ರು. ನಾನು ಹುಟ್ಟಿದಾಗಿಂದ ಅವ್ರ ಬಾಯಲ್ಲಿ ಕೇಳಿರದೇ ಇದ್ದ ಪ್ರಶ್ನೆ ಅದು: "ಏನೇ ಹೇಳ್ತಿದ್ದೆ ಅಲ್ಲಿ, ಅಷ್ಟೊತ್ತು?"

ನಾನು ಬಾಯಿ ತೆಗೆದೆ. ದೊಡ್ಡಮ್ಮ ನನ್ನ ತೊಡೆ ಚಿವುಟಿದ್ಳು, ಚರ್ಮ ಕಿತ್ತು ಬರೋ ಹಾಗೆ.

"ಏನಿಲ್ಲ ರೀ" ಅಂದ್ಳು. "ಈ ಸಲ ಅವರೆಕಾಯಿ ಬರೀ ಹುಳ ಅಂತಿದ್ದೆ."

"ಹೂಂ" ಅಂತ ದೊಡ್ಡಪ್ಪ ರಿಮೋಟ್ ಇಸ್ಕೊಂಡು ಕ್ರಿಕೆಟ್ ಹಾಕಿದ್ರು.