ಲಕ್ಷ್ಮಿಯ ದೂರು

ಲಕ್ಷ್ಮಿಯ ದೂರನ್ನು ನಾನು ಕಳಿಸಲೇ ಇಲ್ಲ. ಕಳಿಸಿದ್ದೇನೆಂದು ಎರಡು ವರ್ಷ ಅವಳನ್ನು ನಂಬಿಸಿದೆ.

ಪಾಂಡವಪುರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಅಂಗಡಿ. ಪಹಣಿ, ಪಿಂಚಣಿ, ರೇಷನ್ ಕಾರ್ಡು — ಎಲ್ಲ ಅರ್ಜಿಯನ್ನೂ ಕಂಪ್ಯೂಟರಿನಲ್ಲಿ ತುಂಬಿಕೊಡುತ್ತೇನೆ. ಪ್ರಿಂಟು ಕೈಗೆ ಬಂದರೆ ಕೆಲಸ ಆಯಿತೆಂದು ಜನ ಹೊರಡುತ್ತಾರೆ, ಓದಿ ನೋಡುವವರಿಲ್ಲ. ಅಷ್ಟು ನಂಬಿಕೆ ನನ್ನ ಮೇಲೆ!

ಲಕ್ಷ್ಮಿ ಚಿನಕುರಳಿಯವಳು, ಡೇರಿಯಲ್ಲಿ ಹಾಲು ಅಳೆಯುತ್ತಿದ್ದಳು. ನನಗಿಂತ ಕಿರಿಯಳು, ಆದರೂ ಜೀವದ ಗೆಳತಿ. ಒಂದು ಬೆಳಿಗ್ಗೆ ಬಂದು ಮೊಬೈಲನ್ನು ಮುಂದಿಟ್ಟಳು. ಯಾರೋ ಅವಳ ಹೆಸರಿನಲ್ಲಿ ನಕಲಿ ಖಾತೆ ತೆರೆದಿದ್ದರು — ಅವಳ ಫೋಟೊ, ಅವಳ ನಂಬರು, ಕೆಳಗೆ ಬಾಯಲ್ಲಿ ಆಡಲಾಗದ ಮಾತು. ಗಂಡಸರ ಕರೆ ಬಂದದ್ದೇ ಬಂದದ್ದು.

"ಸೈಬರ್ ಪೊಲೀಸ್ರಿಗೆ ನೀನೇ ಬರ್ದ್‌ಬುಡಕ್ಕ," ಎಂದಳು.

ಎಲ್ಲ ತುಂಬಿದೆ. ಫೋಟೊ ಸೇರಿಸುವಾಗ ಕೈ ನಿಂತಿತು. ನನ್ನ ಸೀಮಂತದ ದಿನ ಅವಳು ನನ್ನ ಹೆಗಲಿಗೊರಗಿ ನಕ್ಕ ಫೋಟೊ ಅದು. ನನ್ನನ್ನು ಕತ್ತರಿಸಿ ತೆಗೆದಿದ್ದರೂ, ಮೂಲೆಯಲ್ಲಿ ಹಸಿರು ಬಳೆ ತುಂಬಿದ ನನ್ನ ಕೈ ಉಳಿದಿತ್ತು. ಆ ಫೋಟೊ ಇದ್ದದ್ದು ನನ್ನ ಮೊಬೈಲಿನಲ್ಲಿ ಮಾತ್ರ. ಅಂಗಡಿಗೆ ಬಂದಾಗಲೆಲ್ಲ ಆ ಮೊಬೈಲು ಮುಟ್ಟುತ್ತಿದ್ದವನು ನನ್ನ ತಮ್ಮ ಮಹೇಶ ಒಬ್ಬನೇ. ಅವನು ಅವಳನ್ನು ಮದುವೆಗೆ ಕೇಳಿದ್ದ. ಲಕ್ಷ್ಮಿ ಒಲ್ಲೆ ಎಂದಿದ್ದಳು.

ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದವನು, ನನ್ನ ಮೊಬೈಲಿನಿಂದಲೇ ಫೋಟೊ ಕದ್ದಿದ್ದ. ಆದರೂ ಅವನನ್ನು ಉಳಿಸಲು ಹೊರಟೆ. ದೂರು ಕಳಿಸದೆ, ಅದಕ್ಕೂ ಮೊದಲು ಓದಿ ನೋಡಲೆಂದು ತೆರೆಯ ಮೇಲೆ ಬರುವ ಪುಟದ್ದೇ ಪ್ರಿಂಟು ತೆಗೆದು, "ಆಯ್ತು ಕಣೆ" ಎಂದು ಅವಳ ಕೈಗಿಟ್ಟೆ.

ತವರಿಗೆ ಹೋಗಿ ಮಹೇಶನ ಕೆನ್ನೆಗೆ ಬಾರಿಸಿದೆ, ಖಾತೆ ಅಳಿಸಿ ಹಾಕಿಸಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆನಲ್ಲ! ಊರ ಬಾಯಿಗೆ ಬಿದ್ದ ಲಕ್ಷ್ಮಿ ಡೇರಿ ಕೆಲಸ ಬಿಟ್ಟಳು. ಪೇಟೆಗೆ ಬಂದಾಗಲೆಲ್ಲ ಕೇಳುವಳು: "ಪೊಲೀಸ್ನೋರು ಏನಂದ್ರಕ್ಕ?" ನಾನು, "ನೋಡ್ತಾವ್ರಂತೆ ಕಣೆ..." ಎನ್ನುವೆ.

ಕಳೆದ ವಾರ ತಡೆಯಲಾರದೆ ಅವಳ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ — ಬೈಯಲಿಲ್ಲ.

"ಪಟ ನೋಡ್ದಾಗ್ಲೇ ನಿನ್ ತಮ್ಮ್ನೇ ಅಂತ ನಂಗೂ ಗೊತ್ತಾಗಿತ್ತು ಕಣಕ್ಕ. ಸೀದಾ ಟೇಸನ್ಗೇ ಓಗ್ಬೋದಿತ್ತು. ನೀನೇ ಬರೀತೀಯ ಅಂತ ನಿನ್ ತಾವ ಬಂದೆ."



ಇಂದು ಠಾಣೆಗೆ ಹೋಗಿ ಬರೆದುಕೊಟ್ಟೆ — ಮಾಡಿದ ಮಹೇಶನ ಹೆಸರು, ಮುಚ್ಚಿಟ್ಟ ನನ್ನ ಹೆಸರು. ಹೊರಗೆ ಬಂದು ಲಕ್ಷ್ಮಿಗೆ ಫೋನು ಮಾಡಿ ತಿಳಿಸಿದೆ. "ಸರಿ" ಎಂದಳು. ಅಕ್ಕ ಎನ್ನಲಿಲ್ಲ.