ಜಾಬರ್ ಗುರುಪಾದಪ್ಪನ ಲಾಳಿಪಟ್ಟಿ

ಮಗ್ಗದಲ್ಲಿ ಏನು ಕೆಟ್ಟಿದೆ ಎಂದು ತಿಳಿಯಲು ಗುರುಪಾದಪ್ಪ ಬೇವಿನ ಕಡ್ಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಓಡುವ ಮಗ್ಗಕ್ಕೆ ತಾಗಿಸಿ ಕಣ್ಣು ಮುಚ್ಚುತ್ತಿದ್ದ. ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳ ಸಪ್ಪಳಕ್ಕೆ ಅವನ ಕಿವಿ ಮಂದವಾಗಿತ್ತು. "ಕಿವಿ ಸುಳ್ಳ ಹೇಳ್ತಾವ, ಹಲ್ಲ ಹೇಳೂದಿಲ್ಲ" ಎನ್ನುತ್ತಿದ್ದ. ಮಗ್ಗ ದುರಸ್ತಿ ಮಾಡುವ ಜಾಬರ್ ಅವನು. ತೇರದಾಳದಿಂದಲೂ ಕರೆ ಬರುತ್ತಿತ್ತು. ಮಾತೆಲ್ಲ ಜೋರು. ಮನೆಯಲ್ಲಿ ಯಾವ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ನಾನು ವಿಶ್ವವಿದ್ಯಾಲಯದ ಜವಳಿ ವಿಭಾಗದ ಸ್ಟೋರಿನಲ್ಲಿ ದಿನಗೂಲಿಯಾಗಿದ್ದೆ. ನಮ್ಮ ಮಗ್ಗ ಕೆಟ್ಟರೆ ಅವನೇ ಬರಬೇಕು. ಬಂದವನು ಪ್ರಾಧ್ಯಾಪಕರಿಗಿಂತ ಮೊದಲು ಮಗ್ಗಕ್ಕೆ ಕೈಮುಗಿಯುತ್ತಿದ್ದ.

ಒಂದು ವರ್ಷ ಬನಹಟ್ಟಿಯಲ್ಲಿ, ನೂಲು ಒಯ್ಯುವ ಲಾಳಿ ಮಗ್ಗದಿಂದ ಜಿಗಿದು ನೇಕಾರನೊಬ್ಬನ ಕಣ್ಣು ಹೋಯಿತು. ಮರುವಾರ ನಮ್ಮಲ್ಲಿಗೆ ಬಂದ ಗುರುಪಾದಪ್ಪ ತನ್ನ ಚಪ್ಪಲಿಯ ಚರ್ಮ ಕತ್ತರಿಸಿ, ಸೈಕಲ್ ಕಡ್ಡಿಗಳಿಗೆ ಹೆಣೆದು, ಜಿಗಿದ ಲಾಳಿಯನ್ನು ಅಲ್ಲೇ ಕೆಡಹುವ ಪಟ್ಟಿಯೊಂದನ್ನು ಮಾಡಿದ. ಬರಿಗಾಲಲ್ಲೇ ಊರಿಗೆ ಹೋದ. ಆಮೇಲೆ ಶೆಡ್ಡಿನಿಂದ ಶೆಡ್ಡಿಗೆ ಅದನ್ನು ಮಾಡಿ ಕೂಡಿಸತೊಡಗಿದ.

ಪ್ರಾಧ್ಯಾಪಕರು ಅದಕ್ಕೆ ಪೇಟೆಂಟ್ ಮಾಡಿಸಲು ಹೊರಟರು. ನಮ್ಮ ಸಾಮಾನಿನಿಂದ ನಮ್ಮ ಸಿಬ್ಬಂದಿ ಮಾಡಿದ್ದಾದರೆ ಹಕ್ಕು ವಿಶ್ವವಿದ್ಯಾಲಯದ್ದು. ಹೊರಗಿನವನು ಮಾಡಿದ್ದಾದರೆ ಅವನ ಹೆಸರು, ಅವನ ಒಪ್ಪಿಗೆ ಬೇಕು. ಪಟ್ಟಿ ಮಾಡಿದ್ದು ನಾವೇ, ಚರ್ಮ ಸ್ಟೋರಿನದೇ ಎಂದು ಬರೆದುಕೊಟ್ಟರೆ ಅರ್ಜಿಯಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹಾಕುವುದಾಗಿ, ಅದರಿಂದ ನೌಕರಿ ಕಾಯಂ ಆಗುವುದೆಂದು ಹೇಳಿದರು. ನಾನು ಬರೆದು ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ನೌಕರಿ ಕಾಯಂ ಆಯಿತು. ಪಟ್ಟಿ ತಯಾರಿಸುವ ಹಕ್ಕು ದೂರದ ಕಂಪನಿಯೊಂದಕ್ಕೆ ಹೋಯಿತು. ಆ ಕಂಪನಿ, ಇನ್ನು ಮುಂದೆ ಇದನ್ನು ಮಾಡಿ ಮಾರಕೂಡದೆಂದು ಗುರುಪಾದಪ್ಪನಿಗೇ ನೋಟಿಸು ಕಳಿಸಿತು. ಇಂಗ್ಲಿಷ್ ಬಾರದ ಅವನು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ನನ್ನ ಕೈಗಿತ್ತ.

"ಮಾಡಿದಾಂವ ಅಂತ ಯಾರ ಹೆಸರ ಐತಿ, ಓದಲೇ ಶಂಕ್ರ್ಯಾ."

ಎರಡು ಹೆಸರಿದ್ದವು, ಒಂದು ನನ್ನದು. ವಿಶ್ವವಿದ್ಯಾಲಯದ ಹೆಸರಷ್ಟೇ ಇದೆ ಎಂದೆ. ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಆ ಸುಳ್ಳನ್ನು, ನಿಂತ ಮಂದಿಯೆಲ್ಲ ತಿರುಗಿ ನೋಡುವಂತೆ ಒದರಿ ಹೇಳಿದೆ.

"ಹಂಗಾರ ಛಲೋ ಆತು. ನೇಕಾರರಿಗೆ ಸಸ್ತಾ ಕೊಡ್ರಿ ಅಂತ ನಿಮ್ಮ ಸಾಹೇಬ್ರಿಗೆ ಹೇಳು" ಎಂದು ಬಸ್ಸು ಹತ್ತಿದ. ಪಟ್ಟಿ ಮಾಡುವುದನ್ನು ಅಂದೇ ಬಿಟ್ಟ. ಕಂಪನಿಯದು ತುಟ್ಟಿ, ಶೆಡ್ಡಿನವರು ಯಾರೂ ಕೊಳ್ಳಲಿಲ್ಲ.

ಆಮೇಲೂ ಬಹಳ ವರ್ಷ ನಮ್ಮ ಮಗ್ಗಕ್ಕೆ ಬಂದ. ಕೆಲಸ ಮುಗಿಸಿ ನನ್ನ ಜೊತೆ ಚಹಾ ಕುಡಿದು, ಕಪ್ಪು ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕೂತೇ ಇರುತ್ತಿದ್ದ. ನಾನು ಮಳೆಯ ಮಾತು, ಕಬ್ಬಿನ ಮಾತು ಆಡುತ್ತಿದ್ದೆ.

ಹೋದ ವರ್ಷ ಅವನು ತೀರಿಕೊಂಡ. ಬನಹಟ್ಟಿಗೆ ಹೋಗಿ ಅವನ ಹೆಂಡತಿಯ ಮುಂದೆ ಎಲ್ಲ ಹೇಳಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

"ಅವ್ರಿಗೆ ಗೊತ್ತಿತ್ರಿ, ಅಣ್ಣಾರ. ಆ ಕಾಗದಾ ಅವತ್ತ ಸಂಜೀಕ ವಕೀಲರ ಕಡೆ ಓದಿಸಿದ್ರು. ನಿಮ್ಮ ಕಾಲೇಜಿಗೆ ಹೊಂಟಾಗೊಮ್ಮೆ ಅಂತಿದ್ರು, ಇವತ್ತ ಶಂಕ್ರ್ಯಾ ತಾನ ಹೇಳ್ತಾನ ಅಂತ."